ಕಂಟೆಂಟ್ ಕ್ಲಸ್ಟರ್ ಪ್ಲ್ಯಾನ್ ಪೂರ್ತಿ ಎಐಗೇ ಬಿಟ್ಟರೆ ಆಗಲ್ವಾ?

ವೆಬ್‌ಸೈಟ್ ನಡೆಸುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. 'ಚಾಟ್‌ಜಿಪಿಟಿಗೋ ಜೆಮಿನಿಗೋ ವಿಷಯ ಹೇಳಿದರೆ ಕ್ಷಣದಲ್ಲಿ ಐವತ್ತು ಲೇಖನಗಳ ಪಟ್ಟಿ ಬರುತ್ತದೆ. ಯಾವುದು ಮುಖ್ಯ ಪುಟ, ಯಾವುದು ಉಪ ಪುಟ ಅಂತಲೂ ಅದೇ ಹೇಳುತ್ತದೆ. ಅದನ್ನೇ ಹಿಡಿದು ಬರೆಯುತ್ತಾ ಹೋದರೆ ಸಾಲದಾ?'

ಸಾಲದು. ಎಐ ಬೇಡ ಅಂತ ನಾನು ಹೇಳುತ್ತಿಲ್ಲ, ನಾನೂ ಬಳಸುತ್ತೇನೆ. ಪ್ಲ್ಯಾನಿಂಗ್‌ನಲ್ಲಿ ಬೇಜಾರು ಹಿಡಿಸುವ ಎಷ್ಟೋ ಕೆಲಸ ಅದರಿಂದ ಹಗುರಾಗಿದೆ. ಆದರೆ ಯಾವ ಪುಟ ಇರಬೇಕು, ಯಾವುದು ಬೇಡ ಅನ್ನುವ ತೀರ್ಮಾನವನ್ನು ಅದರ ಕೈಗೆ ಕೊಡಬಾರದು.

ಹೊಸಬರಿಗಾಗಿ ಎರಡು ಮಾತು. ಒಂದು ದೊಡ್ಡ ವಿಷಯಕ್ಕೆ ಒಂದು ಮುಖ್ಯ ಪುಟ, ಅದರೊಳಗಿನ ಒಂದೊಂದು ಪ್ರಶ್ನೆಗೂ ಒಂದೊಂದು ಪುಟ, ಇವುಗಳ ನಡುವೆ ಲಿಂಕ್. ಇದೇ ಕ್ಲಸ್ಟರ್. 2017ರ ಹೊತ್ತಿಗೆ ಮಾರ್ಕೆಟಿಂಗ್ ಸಾಫ್ಟ್‌ವೇರ್ ಮಾಡುವ ಹಬ್‌ಸ್ಪಾಟ್ ಕಂಪನಿ ಈ ಮಾದರಿಯನ್ನು ಜನಪ್ರಿಯ ಮಾಡಿತು. ಅಷ್ಟರಲ್ಲಿ ಗೂಗಲ್ ಕೂಡ ಬದಲಾಗಿತ್ತು. 2013ರ ಹಮ್ಮಿಂಗ್‌ಬರ್ಡ್ ಬದಲಾವಣೆಯ ನಂತರ ಅದು ಬಿಡಿ ಪದಗಳಿಗಿಂತ ಪೂರ್ತಿ ಪ್ರಶ್ನೆಯ ಅರ್ಥ ಹಿಡಿಯಲು ನೋಡುತ್ತಿತ್ತು. 2019ರಲ್ಲಿ ಬರ್ಟ್ ಎಂಬ ಭಾಷಾ ಮಾದರಿ ಬಂದ ಮೇಲೆ ಆ ಶಕ್ತಿ ಇನ್ನೂ ಹೆಚ್ಚಿತು. ಹಾಗಾಗಿ ಒಂದೇ ಪ್ರಶ್ನೆಯನ್ನು ನಾಲ್ಕು ಥರ ಕೇಳಿದರೆ ನಾಲ್ಕು ಪುಟ ಬರೆಯುವ ಹಳೆಯ ಪದ್ಧತಿಗೆ ಈಗ ಅರ್ಥವಿಲ್ಲ.

ಎಐ ಪಟ್ಟಿಯ ದೊಡ್ಡ ತೊಂದರೆ ಇಲ್ಲೇ ಇದೆ. ಸೈಕಲ್ ರಿಪೇರಿ ಬಗ್ಗೆ ಒಂದು ಸೈಟ್ ಅಂತ ಇಟ್ಟುಕೊಳ್ಳೋಣ. ಐವತ್ತು ವಿಷಯ ಕೊಡು ಅಂದರೆ 'ಸೈಕಲ್ ಚೈನ್ ಕ್ಲೀನ್ ಮಾಡುವುದು ಹೇಗೆ', 'ಚೈನ್‌ನ ಕೊಳೆ ತೆಗೆಯುವ ವಿಧಾನ', 'ಚೈನ್ ತೊಳೆಯಲು ಸುಲಭ ಉಪಾಯಗಳು' ಅಂತ ಮೂರು ಶೀರ್ಷಿಕೆ ಬಂದುಬಿಡುತ್ತವೆ. ಕೇಳುವವರಿಗೆ ಬೇಕಾದದ್ದು ಒಂದೇ ಉತ್ತರ. ನೀವು ಐವತ್ತು ಕೇಳಿದಿರಿ, ಅದು ಐವತ್ತು ತುಂಬಿಸಿತು, ಅಷ್ಟೇ. ಮೂರನ್ನೂ ಬರೆದರೆ ನಿಮ್ಮ ಪುಟಗಳೇ ಒಂದಕ್ಕೊಂದು ಪೈಪೋಟಿಗೆ ನಿಲ್ಲುತ್ತವೆ. ಯಾವುದನ್ನು ತೋರಿಸಬೇಕು ಅನ್ನುವುದು ಗೂಗಲ್‌ಗೂ ಗೊಂದಲ. ಕ್ಲಿಕ್‌ಗಳು, ಹೊರಗಿನಿಂದ ಬರುವ ಲಿಂಕ್‌ಗಳು ಮೂರು ಕಡೆ ಹಂಚಿಹೋಗುತ್ತವೆ.

ಇದಕ್ಕೆ ಪರೀಕ್ಷೆ ಸುಲಭ. ಅನುಮಾನ ಬಂದ ಎರಡು ಪ್ರಶ್ನೆಗಳನ್ನು ನೀವೇ ಗೂಗಲ್‌ನಲ್ಲಿ ಹುಡುಕಿ, ಬಂದ ಫಲಿತಾಂಶಗಳನ್ನು ಪಕ್ಕಪಕ್ಕ ಇಡಿ. ಮೊದಲ ಹತ್ತರಲ್ಲಿ ಹೆಚ್ಚಿನವು ಎರಡೂ ಕಡೆ ಅವೇ ಆಗಿದ್ದರೆ ಗೂಗಲ್ ಆ ಎರಡನ್ನೂ ಒಂದೇ ಪ್ರಶ್ನೆ ಅಂತ ನೋಡುತ್ತಿದೆ. ಒಂದು ಪುಟ ಸಾಕು. ಫಲಿತಾಂಶಗಳು ಪೂರ್ತಿ ಬೇರೆಯಾಗಿದ್ದರೆ, ಶಬ್ದಗಳು ಎಷ್ಟೇ ಹತ್ತಿರವಿದ್ದರೂ ಎರಡು ಪುಟ ಬೇಕು. 'ಚೈನ್ ಬದಲಾಯಿಸುವುದು ಹೇಗೆ' ಎಂದು ಕೇಳುವವರು ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತಿರುತ್ತಾರೆ. 'ಚೈನ್ ಯಾವಾಗ ಬದಲಾಯಿಸಬೇಕು' ಎನ್ನುವವರು ಇನ್ನೂ ಯೋಚನೆಯಲ್ಲಿದ್ದಾರೆ. ಪುಟಗಳ ಗಡಿ ಹಾಕಬೇಕಾದದ್ದು ಹುಡುಕುವವರ ಉದ್ದೇಶ ನೋಡಿ. ಆ ಉದ್ದೇಶದ ಗುರುತು ಸಿಗುವುದು ಫಲಿತಾಂಶದ ಪುಟದಲ್ಲಿ.

ಇನ್ನೊಂದು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. 'ಈ ಕೀವರ್ಡನ್ನು ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆ' ಅಂತ ಚಾಟ್ ಟೂಲನ್ನು ಕೇಳಬೇಡಿ. ಕೀವರ್ಡ್ ಡೇಟಾ ಇರುವ ಸೇವೆಗೆ ಅದನ್ನು ಜೋಡಿಸಿಲ್ಲ ಅಂದರೆ ಅದರ ಹತ್ತಿರ ಆ ಲೆಕ್ಕ ಇರುವುದಿಲ್ಲ. ಆದರೂ ಕೇಳಿದರೆ ನಂಬುವಂಥ ಒಂದು ಸಂಖ್ಯೆ ಬರೆದುಬಿಡಬಹುದು. ಆ ಸಂಖ್ಯೆ ನಂಬಿ ಮೂರು ತಿಂಗಳ ಕೆಲಸಕ್ಕೆ ಇಳಿಯುವುದು ಎಷ್ಟು ಸರಿ? ಅಂದಾಜು ಬೇಕಾದರೆ ಗೂಗಲ್‌ನ ಕೀವರ್ಡ್ ಪ್ಲ್ಯಾನರ್ ಇದೆ. ಸೈಟ್ ಈಗಾಗಲೇ ಇದ್ದರೆ, ಸೈಟ್ ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಅದಕ್ಕಿಂತ ಒಳ್ಳೆಯದು.

ಸರ್ಚ್ ಕನ್ಸೋಲನ್ನು ಜನ ಸರಿಯಾಗಿ ಬಳಸುವುದೇ ಇಲ್ಲ, ಅದು ನನಗೆ ಬೇಸರ. ಉಚಿತ. ಕಳೆದ 16 ತಿಂಗಳಲ್ಲಿ ಜನ ಏನೇನು ಹುಡುಕಿದಾಗ ನಿಮ್ಮ ಸೈಟ್ ಕಾಣಿಸಿತು, ಎಷ್ಟು ಜನ ಒತ್ತಿದರು ಅನ್ನುವುದನ್ನು ತೋರಿಸುತ್ತದೆ. ತೀರಾ ಅಪರೂಪದ ಪ್ರಶ್ನೆಗಳನ್ನು ಮಾತ್ರ ಖಾಸಗಿತನದ ಕಾರಣಕ್ಕೆ ಮರೆಮಾಡುತ್ತದೆ. ದಿನಾ ಬರುವ ಹುಡುಕಾಟಗಳಲ್ಲಿ ಸುಮಾರು 15% ಹಿಂದೆ ಯಾರೂ ಕೇಳದೇ ಇದ್ದವು ಅಂತ ಗೂಗಲ್ ಹೇಳುತ್ತಾ ಬಂದಿದೆ. ಅಂಥ ಪ್ರಶ್ನೆಗಳು ಯಾವ ಟೂಲ್‌ನ ಹಳೆಯ ಪಟ್ಟಿಯಲ್ಲೂ ಸಿಗಲ್ಲ.

ಎಐ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ. ಸರ್ಚ್ ಕನ್ಸೋಲ್‌ನ ಪ್ರಶ್ನೆಗಳನ್ನು ಡೌನ್‌ಲೋಡ್ ಮಾಡಿ ಅದಕ್ಕೆ ಕೊಡಿ. ಒಮ್ಮೆಗೆ 1000 ಸಾಲು ಸಿಗುತ್ತವೆ. ಅವನ್ನು ಉದ್ದೇಶದ ಪ್ರಕಾರ ಗುಂಪು ಮಾಡು ಅನ್ನಿ. ಜೊತೆಗೆ ನಿಮ್ಮ ಸೈಟ್‌ನಲ್ಲಿರುವ ಎಲ್ಲ ಪುಟಗಳ ಶೀರ್ಷಿಕೆ ಮತ್ತು ವಿಳಾಸ ಕೊಟ್ಟು, ಯಾವ ಗುಂಪಿಗೆ ಪುಟವೇ ಇಲ್ಲ, ಯಾವ ಗುಂಪಿಗೆ ಎರಡೆರಡು ಪುಟ ಇವೆ ಅಂತ ಕೇಳಿ. ಕೈಯಲ್ಲಿ ಮಾಡಿದರೆ ದಿನಗಟ್ಟಲೆ ಹಿಡಿಯುವ ಕೆಲಸ ಬೇಗ ಮುಗಿಯುತ್ತದೆ. ಗ್ರಾಹಕರು ಕಳಿಸಿದ ಪ್ರಶ್ನೆಗಳನ್ನೂ ಸೇರಿಸಿ, ಆದರೆ ಹೆಸರು, ಫೋನ್ ನಂಬರ್ ತೆಗೆದು ಕೊಡಿ. ಬಂದ ಗುಂಪುಗಳನ್ನು ಒಂದೊಂದಾಗಿ ಓದಿ. ಒಂದಷ್ಟು ಸಾಲು ತಪ್ಪು ಗುಂಪಿಗೆ ಹೋಗಿರುತ್ತವೆ, ಕೆಲವನ್ನು ಅದು ಸುಮ್ಮನೆ ಬಿಟ್ಟೂ ಇರಬಹುದು. ಕೊಟ್ಟದ್ದೆಷ್ಟು, ವಾಪಸ್ ಬಂದದ್ದೆಷ್ಟು ಅಂತ ಎಣಿಸಿ ನೋಡುವುದು ಒಳ್ಳೆಯದು.

ಆ ಪಟ್ಟಿಯಲ್ಲಿ ಒಂದು ಪ್ರಶ್ನೆ ಹೀಗಿದೆ ಅಂದುಕೊಳ್ಳಿ: 'ಹೊಸ ಚೈನ್ ಹಾಕಿದರೂ ಯಾಕೆ ಜಾರುತ್ತದೆ?' ಕೇಳುವವರು ಕಡಿಮೆ. ಆದರೆ ಕೇಳುವವರು ನಿಜವಾಗಿ ಸಿಕ್ಕಿಹಾಕಿಕೊಂಡಿದ್ದಾರೆ. ಹಿಂದಿನ ಚಕ್ರದ ಗೇರ್‌ಗಳ ಹಲ್ಲು ಹಳೆಯ ಚೈನ್ ಜೊತೆಗೇ ಸವೆದಿದ್ದರೆ ಹೊಸ ಚೈನ್ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ರಿಪೇರಿ ಮಾಡಿದವರಿಗೆ ಇದು ಗೊತ್ತಿರುತ್ತದೆ, ಸವೆದ ಹಲ್ಲಿನ ಫೋಟೋ ಅವರೇ ತೆಗೆದು ಹಾಕಬಹುದು. ಇಂಥ ಪುಟಕ್ಕೆ ಪ್ಲ್ಯಾನ್‌ನಲ್ಲಿ ಮೊದಲ ಜಾಗ ಕೊಡುತ್ತೇನೆ. 'ಸೈಕಲ್ ಚೈನ್ ಎಂದರೇನು' ಅನ್ನುವುದನ್ನು ಹೊಡೆದು ಹಾಕುತ್ತೇನೆ. 2024ರಿಂದ ಗೂಗಲ್ ಹಲವು ಹುಡುಕಾಟಗಳಿಗೆ ಫಲಿತಾಂಶದ ಮೇಲೆಯೇ ಎಐ ಬರೆದ ಉತ್ತರ ತೋರಿಸುತ್ತಿದೆ. ಎರಡು ಸಾಲಿನಲ್ಲಿ ಮುಗಿಯುವ ಉತ್ತರಕ್ಕೆ ನಿಮ್ಮ ಸೈಟ್‌ವರೆಗೆ ಯಾಕೆ ಬರುತ್ತಾರೆ?

ಗೂಗಲ್ ನಿಯಮಗಳ ಬಗ್ಗೆಯೂ ಜನ ಕೇಳುತ್ತಾರೆ. ಎಐ ಬಳಸಿದ್ದಕ್ಕೇ ಶಿಕ್ಷೆ ಇಲ್ಲ. ಹೇಗೆ ತಯಾರಾಯಿತು ಅನ್ನುವುದಕ್ಕಿಂತ ಗುಣಮಟ್ಟ ಮುಖ್ಯ ಅಂತ 2023ರ ಫೆಬ್ರವರಿಯಲ್ಲೇ ಅದು ಹೇಳಿದೆ. ಆದರೆ 2024ರ ಮಾರ್ಚ್‌ನಲ್ಲಿ ಸ್ಪ್ಯಾಮ್ ನೀತಿಯನ್ನು ಬಿಗಿ ಮಾಡಿತು. ಓದುಗರಿಗೆ ಉಪಯೋಗವಿಲ್ಲದೆ, ಬರೀ ರ್‍ಯಾಂಕಿಂಗ್‌ಗಾಗಿ ರಾಶಿ ರಾಶಿ ಪುಟ ಹಾಕುವುದು ಸ್ಪ್ಯಾಮ್. ಅದನ್ನು ಮನುಷ್ಯರು ಬರೆದಿದ್ದರೂ ಅಷ್ಟೆ, ಯಂತ್ರ ಬರೆದಿದ್ದರೂ ಅಷ್ಟೆ. ಐವತ್ತರ ಪಟ್ಟಿಯನ್ನು ಹಾಗೇ ಬರೆಸಿ ಹಾಕುವುದು ಆ ಗೆರೆಗೆ ಎಷ್ಟು ಹತ್ತಿರ ಹೋಗುತ್ತದೆ ಅಂತ ನೀವೇ ಯೋಚಿಸಿ. ಅದೂ ಅಲ್ಲದೆ ಅದೇ ವಿಷಯ, ಅದೇ ಟೂಲ್ ಅಂದಮೇಲೆ ನಿಮ್ಮ ಪ್ರತಿಸ್ಪರ್ಧಿಗೂ ಹೆಚ್ಚುಕಡಿಮೆ ಅದೇ ಪಟ್ಟಿ ಬಂದಿರುತ್ತದೆ.

ಕೊನೆಯದು ಲಿಂಕ್. ಎಐ ಕ್ಲಸ್ಟರ್ ಅನ್ನು ಕೊಂಬೆಗಳ ಹಾಗೆ ಬಿಡಿಸುತ್ತದೆ. ಚೈನ್ ಒಂದು ಕಡೆ, ಬ್ರೇಕ್ ಇನ್ನೊಂದು ಕಡೆ. ಆದರೆ ಚೈನ್‌ಗೆ ಎಣ್ಣೆ ಸ್ಪ್ರೇ ಮಾಡುವಾಗ ಒಂದಿಷ್ಟು ಡಿಸ್ಕ್ ಬ್ರೇಕ್ ಮೇಲೆ ಬಿದ್ದರೆ ಬ್ರೇಕ್ ಕಿರುಚತೊಡಗುತ್ತದೆ, ಹಿಡಿತವೂ ಕಮ್ಮಿಯಾಗುತ್ತದೆ. ಹಾಗಾಗಿ ಎಣ್ಣೆ ಹಾಕುವ ಪುಟದಿಂದ ಬ್ರೇಕ್ ಪುಟಕ್ಕೆ ಲಿಂಕ್ ಬೇಕೇ ಬೇಕು, ಅದೂ ಆ ಎಚ್ಚರಿಕೆ ಹೇಳುವ ಸಾಲಿನಲ್ಲೇ. ಲಿಂಕ್‌ನ ಪದಗಳೂ 'ಇಲ್ಲಿ ಒತ್ತಿ' ಅಂತಿರದೆ 'ಬ್ರೇಕ್ ಮೇಲೆ ಎಣ್ಣೆ ಬಿದ್ದರೆ' ಅಂತಿರಲಿ. ಓದುಗರಿಗೂ ಗೂಗಲ್‌ಗೂ ಅಲ್ಲಿ ಏನಿದೆ ಅಂತ ತಿಳಿಯುತ್ತದೆ. ಎಲ್ಲ ಪುಟದಿಂದ ಎಲ್ಲ ಪುಟಕ್ಕೂ ಲಿಂಕ್ ಹಾಕಬೇಡಿ, ಯಾವ ಲಿಂಕೂ ಇಲ್ಲದ ಪುಟವನ್ನೂ ಬಿಡಬೇಡಿ.

ಹಾಗಾದರೆ ಶುರು ಹೇಗೆ? ಒಂದು ಮುಖ್ಯ ಪುಟ, ನಿಮಗೆ ಚೆನ್ನಾಗಿ ಗೊತ್ತಿರುವ ಐದಾರು ಪ್ರಶ್ನೆ, ಅಷ್ಟೇ. ಹಾಕಿ ಕೆಲವು ತಿಂಗಳು ಸರ್ಚ್ ಕನ್ಸೋಲ್ ನೋಡಿ. ನೀವು ಬರೆಯದ ಪ್ರಶ್ನೆಗಳಿಗೂ ನಿಮ್ಮ ಪುಟ ಕಾಣಿಸುತ್ತಿರುತ್ತದೆ. ಮುಂದಿನ ಪುಟಗಳ ಸುಳಿವು ಅಲ್ಲೇ ಇದೆ. ಈಗಾಗಲೇ ಐವತ್ತು ಹಾಕಿಬಿಟ್ಟಿದ್ದೀರಾ? ಒಂದೇ ಪ್ರಶ್ನೆಯ ಪುಟಗಳನ್ನು ಅವುಗಳಲ್ಲಿ ಹೆಚ್ಚು ಕ್ಲಿಕ್ ಇರುವ ಪುಟಕ್ಕೆ ಸೇರಿಸಿ, ಉಳಿದವುಗಳಿಂದ 301 ರೀಡೈರೆಕ್ಟ್ ಕೊಡಿ, ಅಂದರೆ ಹಳೆಯ ವಿಳಾಸಕ್ಕೆ ಬಂದವರು ತಾನಾಗೇ ಆ ಪುಟಕ್ಕೆ ಹೋಗುವಂತೆ ಶಾಶ್ವತವಾಗಿ ತಿರುಗಿಸಿ. ಆಮೇಲೆ ಸೈಟ್‌ನೊಳಗಿನ ಹಳೆಯ ಲಿಂಕ್‌ಗಳನ್ನೂ ಹೊಸ ವಿಳಾಸಕ್ಕೆ ತಿದ್ದಿ.