ಬೆಳಗಾವಿಯ ರೇಡಿಯೋ ಸಂಘದಲ್ಲಿ: ಜೂನ್‌ನಿಂದ ಅಕ್ಟೋಬರ್‌ವರೆಗಿನ ಕೆಲಸ

ಜೂನ್

ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಪರಸ್ಪರ ಮಾತನಾಡುವುದನ್ನು, ಕಲಿಯಬಯಸುವವರು ಸೆಟ್ ಕೊಳ್ಳುವ ಮೊದಲು ಊರಿನ ಸಂಘವನ್ನು ಸೇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪರವಾನಗಿಯಿಲ್ಲದೆ ಪ್ರಸಾರ ಮಾಡಲು ಕಾನೂನಿನಲ್ಲಿ ಅವಕಾಶವಿಲ್ಲ. ಆದರೆ ಸಂಘದಲ್ಲಿ ಪರವಾನಗಿ ಬರುವುದಕ್ಕೆ ಮುಂಚೆಯೇ ಕೇಳಲು, ಕಲಿಯಲು, ಬೆಸುಗೆ ಹಾಕಲು ಬೇಕಾದಷ್ಟು ಕೆಲಸವಿರುತ್ತದೆ. ಟಿಳಕವಾಡಿಯಲ್ಲಿರುವ ಹಿರಿಯ ಸದಸ್ಯರೊಬ್ಬರ ಮಹಡಿಯ ಶ್ಯಾಕ್‌ನಲ್ಲಿ (ರೇಡಿಯೋ ಕೋಣೆಯಲ್ಲಿ) ರವಿವಾರ ಸಂಜೆ ಕುಳಿತು, ಬಂದ ಸಂಕೇತವನ್ನು ಎತ್ತರದಿಂದ ಮರುಪ್ರಸಾರ ಮಾಡುವ ರಿಪೀಟರ್ ಎಂಬ ಯಂತ್ರದ ಮೂಲಕ ನಡೆಯುವ ನೆಟ್ ಅನ್ನು, ಅಂದರೆ ಹ್ಯಾಮ್‌ಗಳ ಸಾಮೂಹಿಕ ಮಾತುಕತೆಯನ್ನು, ಕೇಳುವುದೇ ನನ್ನ ಮೊದಲ ಪಾಠವಾಯಿತು.

ನೆಟ್‌ನಲ್ಲಿ ಒಬ್ಬರು ನಿಯಂತ್ರಕರಾಗಿರುತ್ತಾರೆ. ಉಳಿದವರು ತಮ್ಮ ಕರೆ ಸಂಕೇತ (ಪರವಾನಗಿಯೊಂದಿಗೆ ಸಿಗುವ ಗುರುತಿನ ಅಕ್ಷರ-ಅಂಕಿಗಳು) ಹೇಳಿ ಹಾಜರಿ ಹಾಕುತ್ತಾರೆ, ಸರದಿ ಬಂದಾಗ ಮಾತ್ರ ಮಾತನಾಡುತ್ತಾರೆ. ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು ತಕ್ಷಣ ಬಟನ್ ಒತ್ತುವುದಿಲ್ಲ. ತುರ್ತು ಸುದ್ದಿಯಿರುವವರು ‘ಬ್ರೇಕ್’ ಎಂದು ನಡುವೆ ಬರಲಿ ಎಂದು ಸ್ವಲ್ಪ ಜಾಗ ಬಿಡುತ್ತಾರೆ. ಹೊಸಬರಿಗೆ ಹಿರಿಯರು ಮತ್ತೆ ಮತ್ತೆ ಹೇಳುವ ಮಾತೊಂದಿದೆ: “ಬಟನ್ ಒತ್ತಿದ ಕೂಡ್ಲೇ ಮಾತಾಡಬ್ಯಾಡ್ರಿ, ಒಂದ್ ಸೆಕೆಂಡ್ ತಡೀರಿ, ರಿಪೀಟರ್ ಏಳಬೇಕಲ್ರಿ.” ನಮ್ಮ ಧ್ವನಿಯೊಂದಿಗೆ ಹೋಗುವ, ಕಿವಿಗೆ ಕೇಳಿಸದ ಸಣ್ಣ ಟೋನ್ ಅನ್ನು ಗುರುತಿಸಿ ತನ್ನ ಪ್ರಸಾರವನ್ನು ಆರಂಭಿಸಲು ರಿಪೀಟರ್‌ಗೆ ಕ್ಷಣಕಾಲ ಬೇಕಾಗುತ್ತದೆ. ಆ ಬಿಡುವು ಕೊಡದಿದ್ದರೆ ಕರೆ ಸಂಕೇತದ ಮೊದಲ ಅಕ್ಷರವೇ ನುಂಗಿಹೋಗುತ್ತದೆ.

ಜುಲೈ, ಆಗಸ್ಟ್

ಮಳೆಗಾಲವೆಲ್ಲ ಪರೀಕ್ಷೆಯ ತಯಾರಿಗೆ ಹೋಯಿತು. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ (ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್) ವಿಭಾಗ ಕೊಡುವ ಪ್ರಮಾಣಪತ್ರದಲ್ಲಿ ರಿಸ್ಟ್ರಿಕ್ಟೆಡ್ ಮತ್ತು ಜನರಲ್ ಎಂಬ ಎರಡು ದರ್ಜೆಗಳಿವೆ. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್, ಅಂದರೆ ಚುಕ್ಕೆ-ಗೆರೆಗಳ ಸಂಕೇತ ಲಿಪಿ, ಬರಬೇಕು, ರಿಸ್ಟ್ರಿಕ್ಟೆಡ್‌ಗೆ ಅದು ಬೇಡ. ನಾನು ರಿಸ್ಟ್ರಿಕ್ಟೆಡ್ ದರ್ಜೆಯ ಪರೀಕ್ಷೆ ಬರೆದು ಉತ್ತೀರ್ಣನಾಗಿದ್ದೇನೆ. ಪರವಾನಗಿ ಮತ್ತು ಕರೆ ಸಂಕೇತ ಬರುವುದು ಬಾಕಿಯಿದೆ. ಓಮ್‌ನ ನಿಯಮ, ಅನುರಣನ, ಸೂಪರ್‌ಹೆಟ್ ರಿಸೀವರ್ ಇವುಗಳನ್ನು ಪುಸ್ತಕದಿಂದ ಕಲಿಯಬಹುದು. ವ್ಯಾಪಾರದ ಮಾತು, ಜಾಹೀರಾತು, ಸಂಗೀತ ಇವು ಹವ್ಯಾಸಿ ತರಂಗದಲ್ಲಿ ಏಕೆ ಸಲ್ಲವೆಂಬುದು ಮಾತ್ರ ನೆಟ್ ಕೇಳಿದವರಿಗೇ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಒಬ್ಬರು ಬಟನ್ ಒತ್ತಿ ಹಿಡಿದರೆ ಊರಿನ ಉಳಿದ ಹ್ಯಾಮ್‌ಗಳೆಲ್ಲ ಸುಮ್ಮನಿರಬೇಕಾಗುತ್ತದೆ.

ಸೆಪ್ಟೆಂಬರ್

ಮಳೆ ಇಳಿಮುಖವಾದ ಮೇಲೆ ಆಂಟೆನಾ ಕೆಲಸಕ್ಕೆ ಕೈ ಹಾಕಿದೆವು. ನಾವು ಬಳಸುವ ಎರಡು ಮೀಟರ್ ಬ್ಯಾಂಡ್ (ತರಂಗಾಂತರ ಸುಮಾರು ಎರಡು ಮೀಟರ್ ಇರುವ ಆವರ್ತನಗಳ ಪಟ್ಟಿ) ನಮ್ಮ ದೇಶದಲ್ಲಿ 144ರಿಂದ 146 ಮೆಗಾಹರ್ಟ್ಸ್‌ವರೆಗೆ ಇದೆ. ನಡುವಿನ 145ಕ್ಕೆ ತರಂಗಾಂತರ ಸುಮಾರು 2.07 ಮೀಟರ್. ಅದರ ಕಾಲು ಭಾಗದಲ್ಲಿ ನೂರಕ್ಕೆ ಐದರಷ್ಟು ಕಳೆದರೆ ನಿಲ್ಲಿಸಬೇಕಾದ ಸರಳಿನ ಉದ್ದ ಸುಮಾರು 49 ಸೆಂಟಿಮೀಟರ್ ಆಗುತ್ತದೆ. ಹಿತ್ತಾಳೆಯ ಸರಳುಗಳನ್ನು ಕತ್ತರಿಸಿ, ಬುಡದ ನಾಲ್ಕು ಸರಳುಗಳನ್ನು 45 ಡಿಗ್ರಿ ಕೆಳಕ್ಕೆ ಬಾಗಿಸಿದೆವು. ಅವು ಅಡ್ಡಲಾಗಿ ನೇರವಾಗಿದ್ದರೆ ಆಂಟೆನಾದ ಪ್ರತಿರೋಧ ಸುಮಾರು 36 ಓಮ್ ಇರುತ್ತದೆ. ಬಾಗಿಸಿದಾಗ ಕೇಬಲ್‌ಗೆ ಹೊಂದುವ 50 ಓಮ್‌ಗೆ ಹತ್ತಿರ ಬರುತ್ತದೆ. ಪರವಾನಗಿಯುಳ್ಳ ಸದಸ್ಯರು ತಮ್ಮ ರಿಗ್ (ರೇಡಿಯೋ ಸೆಟ್) ಜೋಡಿಸಿ ಅಳೆದಾಗ ಎಸ್‌ಡಬ್ಲ್ಯೂಆರ್, ಅಂದರೆ ಆಂಟೆನಾದಿಂದ ಶಕ್ತಿ ಎಷ್ಟು ಹಿಂದಿರುಗುತ್ತದೆಂದು ತೋರಿಸುವ ಅಳತೆ, ಬಹಳ ಕಡಿಮೆಯಿತ್ತು. ಆ ಸಂಜೆಯ ಸಂತೋಷವನ್ನು ನಾನು ಬಹುಕಾಲ ಮರೆಯಲಾರೆ.

ಕೇಬಲ್ ವಿಷಯದಲ್ಲಿ ಉಳಿತಾಯ ಮಾಡಬಾರದು. ಈ ಆವರ್ತನದಲ್ಲಿ ತೆಳುವಾದ ಆರ್‌ಜಿ-58 ಕೇಬಲ್ 20 ಮೀಟರ್ ಎಳೆದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ದಾರಿಯಲ್ಲೇ ಶಾಖವಾಗಿ ಹೋಗುತ್ತದೆ. ದಪ್ಪನೆಯ ಆರ್‌ಜಿ-213ರಲ್ಲಿ ನಷ್ಟ ಅದಕ್ಕಿಂತ ಬಹಳ ಕಡಿಮೆ. ಜೊತೆಗೆ ಬೆಳಗಾವಿಯ ಮಳೆಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಕನೆಕ್ಟರ್‌ನ ಸಂದಿಯಿಂದ ನೀರು ಕೇಬಲ್‌ನ ತಂತಿ ಹೆಣಿಗೆಯೊಳಗೆ ಇಳಿದರೆ ಎಷ್ಟೇ ಒಳ್ಳೆಯ ಕೇಬಲ್ ಆದರೂ ಕೆಟ್ಟಂತೆಯೇ. ಆದ್ದರಿಂದ ಪ್ರತಿ ಜೋಡಣೆಗೂ ರಬ್ಬರ್ ಟೇಪ್ ಸುತ್ತಿ, ಕೇಬಲ್ ಮನೆಯೊಳಗೆ ಬರುವಲ್ಲಿ ನೀರು ತೊಟ್ಟಿಕ್ಕಿ ಹೋಗುವಂತೆ ಕೆಳಮುಖದ ಬಳುಕು ಬಿಟ್ಟಿದ್ದೇವೆ.

ಅಕ್ಟೋಬರ್

ಈಗ ಸಂಘದ ಗಮನವೆಲ್ಲ ರಿಪೀಟರ್ ಮೇಲಿದೆ. ಈ ತರಂಗಗಳು ಬಹುಮಟ್ಟಿಗೆ ನೇರ ದಾರಿಯಲ್ಲಿ ಹೋಗುವುದರಿಂದ, ನೆಲದ ಮೇಲೆ ನಿಂತ ಇಬ್ಬರ ಹ್ಯಾಂಡಿಗಳಿಗೆ (ಕೈಯಲ್ಲಿ ಹಿಡಿಯುವ ಸೆಟ್‌ಗಳಿಗೆ) ಬಯಲಿನಲ್ಲಿ ಸಿಗುವ ದಿಗಂತ ಹತ್ತು ಕಿಲೋಮೀಟರ್ ಮಾತ್ರ. ಕಟ್ಟಡಗಳ ನಡುವೆ ಅದೂ ಇಲ್ಲ. 30 ಮೀಟರ್ ಎತ್ತರದ ಆಂಟೆನಾಗೆ ಕಾಣುವ ದಿಗಂತವೇ ಸುಮಾರು 22 ಕಿಲೋಮೀಟರ್. ಖಾನಾಪುರ, ಜಾಂಬೋಟಿಯ ಕಡೆ ಸಹ್ಯಾದ್ರಿಯ ಗುಡ್ಡಗಳು ಅಡ್ಡ ನಿಲ್ಲುತ್ತವೆ, ಗೋಕಾಕದ ಕಡೆ ನೆಲ ಇಳಿಯುತ್ತದೆ. ಹೀಗಾಗಿ ನಮ್ಮ ಜಿಲ್ಲೆಯಲ್ಲಿ ವ್ಯಾಟ್ ಹೆಚ್ಚಿಸುವುದಕ್ಕಿಂತ ಎತ್ತರ ಹೆಚ್ಚಿಸುವುದೇ ಲಾಭ.

ರಿಪೀಟರ್‌ನ ಕಷ್ಟವಿರುವುದು ಬೇರೆಡೆ. ಅದು ಒಂದು ಆವರ್ತನದಲ್ಲಿ ಕೇಳುತ್ತಾ, ಅದೇ ಕ್ಷಣದಲ್ಲಿ ಕೇವಲ 600 ಕಿಲೋಹರ್ಟ್ಸ್ ದೂರದ ಇನ್ನೊಂದು ಆವರ್ತನದಲ್ಲಿ, ಅದೇ ಆಂಟೆನಾದಿಂದ, ಮಾತನಾಡುತ್ತಿರುತ್ತದೆ. ಡೊಳ್ಳು ಬಾರಿಸುವವನು ಪಕ್ಕದವರ ಪಿಸುಮಾತನ್ನೂ ಕೇಳಿಸಿಕೊಳ್ಳಬೇಕಾದಂತಹ ಸ್ಥಿತಿ ಇದು. ಸ್ವಂತ ಪ್ರಸಾರ ರಿಸೀವರ್ ಅನ್ನು ಕಿವುಡಾಗಿಸದಿರಬೇಕಾದರೆ ಎರಡರ ನಡುವೆ 80 ಡೆಸಿಬೆಲ್, ಅಂದರೆ ಹತ್ತು ಕೋಟಿ ಪಟ್ಟಿನ ತಡೆ ಇರಬೇಕು. ಅದನ್ನು ಕೊಡುವವು ಅರ್ಧ ಮೀಟರಿಗಿಂತ ತುಸು ಎತ್ತರದ ಲೋಹದ ಡಬ್ಬಿಗಳು. ಇವುಗಳಿಗೆ ಕ್ಯಾವಿಟಿ ಎನ್ನುತ್ತಾರೆ. ಒಳಗಿನ ಸರಳನ್ನು ಸ್ಕ್ರೂನಿಂದ ಕೂದಲೆಳೆಯಷ್ಟು ಸರಿಸಿ ಒಂದೊಂದನ್ನೂ ಶ್ರುತಿಗೊಳಿಸಬೇಕಾಗುತ್ತದೆ. ಹೊಸ ಕ್ಯಾವಿಟಿ ದುಬಾರಿ. ಆದರೆ ನಮ್ಮ ಊರಿನಲ್ಲಿ ಉದ್ಯಮಬಾಗ್ ಇದೆ: ಎರಕ, ಲೇಥ್ ಕೆಲಸ ಬಲ್ಲ ಕೈಗಳಿವೆ. ಸಂಘದ ಸದಸ್ಯರೊಬ್ಬರು ಅಲ್ಲಿಯೇ ದುಡಿಯುವವರು. ತಾಮ್ರದ ಕೊಳವೆ ಮತ್ತು ಮುಚ್ಚಳಗಳ ನಕ್ಷೆಯನ್ನು ಅವರೇ ಸಿದ್ಧಪಡಿಸುತ್ತಿದ್ದಾರೆ.

ಇದರ ಜೊತೆಗೆ ಬ್ಯಾಟರಿ ಮತ್ತು ಸೌರ ಫಲಕದ ಕೆಲಸವೂ ನಡೆದಿದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಹರಿದದ್ದನ್ನು ಈ ಜಿಲ್ಲೆಯವರು ಮರೆತಿಲ್ಲ. ಕರೆಂಟ್ ಹೋದೊಡನೆ ಮೌನವಾಗುವ ರಿಪೀಟರ್ ಅಂತಹ ದಿನಗಳಲ್ಲಿ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ನವೆಂಬರ್‌ನಲ್ಲಿ ಮುಖ್ಯ ವಿದ್ಯುತ್ ತೆಗೆದು, ಬ್ಯಾಟರಿಯೊಂದರಲ್ಲೇ ನೆಟ್ ನಡೆಸಿ, ಎಷ್ಟು ಗಂಟೆ ನಿಲ್ಲುತ್ತದೆಂದು ಬರೆದಿಡುವ ಹೊಣೆಯನ್ನು ಸಂಘ ನನಗೆ ವಹಿಸಿದೆ.