ನಾನು ಬರೆದುಕೊಟ್ಟ ನಾಲ್ಕು ಉತ್ತರ

ವಿದೇಶಕ್ಕೆ ಓದಲು ಹೋಗುವ ಮಕ್ಕಳ ಅರ್ಜಿ ತುಂಬಿಸುವುದು ಕಲಬುರಗಿಯಲ್ಲಿ ನನ್ನ ಕೆಲಸ. 2024ರ ಕೊನೆಗೆ ಸೇಡಂ ಕಡೆಯ ಹುಡುಗಿಯೊಬ್ಬಳಿಗೆ ಆಸ್ಟ್ರೇಲಿಯಾ ವೀಸಾ ಸಿಗಲಿಲ್ಲ. ತಪ್ಪು ನನ್ನದು.

ಆ ವರ್ಷ ಮಾರ್ಚ್ 23ರಿಂದ ಅಲ್ಲಿನ ಸರ್ಕಾರ, ನಾನು ಯಾಕೆ ಬರುತ್ತೇನೆ ಅಂತ ವಿದ್ಯಾರ್ಥಿಗಳು ಬರೆದುಕೊಡುತ್ತಿದ್ದ ಹಳೆಯ ಉದ್ದನೆಯ ಪತ್ರ ಕೈಬಿಟ್ಟು, ಅರ್ಜಿಯಲ್ಲೇ ನೇರ ಪ್ರಶ್ನೆ ಕೇಳತೊಡಗಿತು. ಮನೆ ಪರಿಸ್ಥಿತಿ ಏನು, ಈ ಕೋರ್ಸೇ ಯಾಕೆ, ಓದಿದ್ದು ಮುಂದೆ ಯಾವುದಕ್ಕೆ ಬರುತ್ತದೆ, ಹೀಗೆ. ಒಂದೊಂದಕ್ಕೆ 150 ಪದ, ಅಷ್ಟೇ. ಓದಿನ ಹೆಸರಲ್ಲಿ ಬರೀ ದುಡಿಯಲು ಬರುವವರನ್ನು ಸೋಸುವುದು ಉದ್ದೇಶ. ಓದು ನಡೆಯುವಾಗ ಎರಡು ವಾರಕ್ಕೆ 48 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ ಅಂತ 2023ರಲ್ಲೇ ನಿಯಮ ಬಂದಿತ್ತು.

ನಾನು ಆ ಉತ್ತರಗಳನ್ನು ನಾನೇ ಬರೆದೆ. ‘ಜಗತ್ತಿನ ಶ್ರೇಷ್ಠ ಶಿಕ್ಷಣ’, ‘ಉಜ್ವಲ ಭವಿಷ್ಯ’. ಯಾರ ಹೆಸರು ಹಾಕಿದರೂ ನಡೆಯುವ ಮಾತು. ದಿನಾ ನೂರಾರು ಅರ್ಜಿ ನೋಡುವವರಿಗೆ ಅದು ಗೊತ್ತಾಗಲ್ವಾ?

ಆ ಜುಲೈಯಲ್ಲಷ್ಟೇ ವೀಸಾ ಶುಲ್ಕ 710 ಆಸ್ಟ್ರೇಲಿಯನ್ ಡಾಲರಿನಿಂದ 1,600ಕ್ಕೆ ಏರಿತ್ತು. ಅರ್ಜಿ ಬಿದ್ದರೆ ಆ ದುಡ್ಡು ವಾಪಸ್ ಇಲ್ಲ. ಅವರಪ್ಪ ತೊಗರಿ ಮಾರಿ ಕಟ್ಟಿದ ದುಡ್ಡು. ಶುಲ್ಕ ಏರಿಸಿದರೆ ಮೋಸ ನಿಲ್ಲುತ್ತದೆ ಅಂತ ನಾನು ನಂಬುವುದಿಲ್ಲ. ಮೋಸ ಮಾಡುವವನು ಸಾಲ ಮಾಡಿಯಾದರೂ ಕಟ್ಟುತ್ತಾನೆ, ಹಿಂದೆ ಸರಿಯುವುದು ಬಡವರ ಮಕ್ಕಳು. ಆದರೆ ಆ ಪ್ರಶ್ನೆಗಳು ಸರಿಯಾಗಿವೆ. ನಿಜವಾಗಿ ಓದಬೇಕು ಅನ್ನುವವರ ಹತ್ತಿರ ಅದಕ್ಕೆ ಉತ್ತರ ಇರುತ್ತದೆ.

ಅವಳ ಹತ್ತಿರವೂ ಇತ್ತು. ನಾನು ಕೇಳಿರಲಿಲ್ಲ. ಎರಡನೇ ಸಲ ಅರ್ಜಿ ಹಾಕುವಾಗ ಮುಂದೆ ಕೂರಿಸಿಕೊಂಡು ಸುಮ್ನೆ ಕೇಳಿದೆ: ಪರಿಸರ ಎಂಜಿನಿಯರಿಂಗ್ ಯಾಕವ್ವಾ? ಸಿಮೆಂಟ್ ಫ್ಯಾಕ್ಟರಿ ಕಡೆಯ ಊರು ಅವರದು. “ಮುಂಜಾನೆ ಒರೆಸಿದ ಕಟ್ಟಿ ಮ್ಯಾಲ ಸಂಜಿಗೆ ಬೆರಳಿಲೆ ಹೆಸರು ಬರೀಬಹುದ್ರಿ ಸರ, ಅಷ್ಟು ಧೂಳ” ಅಂದಳು. ಅದನ್ನೇ ಮೊದಲು ಕನ್ನಡದಲ್ಲಿ ಬರೆಸಿದೆ, ಆಮೇಲೆ ಇಬ್ಬರೂ ಕೂತು ಇಂಗ್ಲಿಷಿಗೆ ತಂದೆವು. ಹಿಂದೆ ವೀಸಾ ಸಿಗದಿದ್ದನ್ನೂ ಮುಚ್ಚಿಡದೆ ತಿಳಿಸಿದೆವು, ಅದು ಕಡ್ಡಾಯ.

ದುಡ್ಡಿನ ಲೆಕ್ಕಕ್ಕೆ ತೊಗರಿ ಮಾರಿದ ಅಡತಿ ಅಂಗಡಿಯ ಪಟ್ಟಿಗಳನ್ನೂ ತರಿಸಿದೆ. ಅವರಪ್ಪ ಮಡಚಿದ ಚೀಟಿಗಳನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಒಂದೊಂದಾಗಿ ಬಿಡಿಸಿಟ್ಟರು.

“ಇವು ಭಿ ಬೇಕೇನ್ರಿ ಸರ?”

“ಬೇಕ್ರಿ ಕಾಕಾ. ಎಲ್ಲಾ ಬೇಕು.”