ಗಾಣದ ಮಣ್ಣು, ಏಳು ಕಾಲನಿ

14 ಜೂನ್ 2024, ಶುಕ್ರವಾರ

ಈ ಮಣ್ಣು ತಂದದ್ದು ತಿಪಟೂರು ಕಡೆ ಸೋದರಮಾವನ ಊರಿನ ಎಣ್ಣೆ ಗಾಣದಿಂದ. ಕೊಬ್ಬರಿ ಎಣ್ಣೆ ಸೋರಿ ಸೋರಿ ಅಲ್ಲಿನ ನೆಲ ಕರ್ರಗೆ, ಜಿಡ್ಡು ಜಿಡ್ಡು. ಚಮಚದಲ್ಲಿ ಕೆರೆಯುತ್ತಿದ್ದರೆ ಮಾವ ನಕ್ಕರು, "ಏನೇ, ನಿಧಿ ಹುಡುಕ್ತಿದೀಯಾ?"

ಒಂಥರಾ ನಿಧಿಯೇ. ಎಣ್ಣೆ ಇದ್ದ ಕಡೆ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಇರಲೇಬೇಕು ಅಲ್ವಾ? ಅವಕ್ಕೆ ಬಾಯಿಲ್ಲ. ಲಿಪೇಸ್ ಅನ್ನೋ ಕಿಣ್ವವನ್ನು ಹೊರಗೆ ಬಿಟ್ಟು, ಎಣ್ಣೆಯನ್ನು ಕೊಬ್ಬಿನಾಮ್ಲ, ಗ್ಲಿಸರಾಲ್ ಆಗಿ ಒಡೆದು, ಆಮೇಲೆ ಒಳಗೆ ಎಳೆದುಕೊಳ್ಳುತ್ತವೆ.

ಲ್ಯಾಬಿನಲ್ಲಿ ಈ ಮಣ್ಣನ್ನು ಮೊದಲು ಹಾಕಿದ್ದು ಟ್ರೈಬ್ಯುಟಿರಿನ್ ಅನ್ನೋ ಕೊಬ್ಬು ಬೆರೆಸಿದ ಪ್ಲೇಟಿಗೆ. ನೀರು ಮಜ್ಜಿಗೆ ಥರ ಮಬ್ಬಾಗಿರುತ್ತದೆ, ಕೊಬ್ಬು ಒಡೆದ ಕಡೆ ಗಾಜಿನಂತೆ ತಿಳಿಯಾಗುತ್ತದೆ. ಏಳು ಕಾಲನಿಗಳ, ಅಂದರೆ ಬ್ಯಾಕ್ಟೀರಿಯಾ ಗುಂಪುಗಳ, ಸುತ್ತ ತಿಳಿ ಉಂಗುರ! ಮುಚ್ಚಳ ತೆಗೆದರೆ ಕಮಟು ತುಪ್ಪದ ವಾಸನೆ, ಬ್ಯುಟಿರಿಕ್ ಆಮ್ಲದ್ದು. ನಾನಂತೂ ಕುಣಿದೆ. ಲ್ಯಾಬಿನ ಮೇಡಂ ಕೇಳಿದ್ದು ಒಂದೇ ಮಾತು: "ಇದು ಲಿಪೇಸೇ ಅಂತ ಯಾರು ಹೇಳಿದ್ದು?"

ಹೌದಲ್ಲ! ಟ್ರೈಬ್ಯುಟಿರಿನ್‌ನ ಕೊಬ್ಬಿನಾಮ್ಲದ ಸರಪಳಿಗಳು ಬರೀ ನಾಲ್ಕು ಕಾರ್ಬನ್ ಉದ್ದ. ಅದನ್ನು ಗಿಡ್ಡ ಸರಪಳಿ ಮಾತ್ರ ಒಡೆಯಬಲ್ಲ ಎಸ್ಟರೇಸ್ ಅನ್ನೋ ಸಾಮಾನ್ಯ ಕಿಣ್ವ ಕೂಡ ಒಡೆಯುತ್ತದೆ. ಉದ್ದ ಸರಪಳಿಯ ಎಣ್ಣೆಯನ್ನೂ ಒಡೆದರೆ ಮಾತ್ರ ಲಿಪೇಸ್.

ಅದಕ್ಕೇ ಉದ್ದ ಸರಪಳಿಯ ಆಲಿವ್ ಎಣ್ಣೆ, ರೋಡಮೀನ್ ಬಿ ಬಣ್ಣ ಹಾಕಿ ಬೇರೆ ಪ್ಲೇಟು ಮಾಡಿದೆ. ಎಣ್ಣೆ ಒಡೆದ ಕಡೆ ಈ ಬಣ್ಣ ಯುವಿ (ನೇರಳಾತೀತ) ಬೆಳಕಿನಲ್ಲಿ ಹೊಳೆಯುತ್ತದೆ. ಮೊದಲ ಸಲ ಎಣ್ಣೆ ಸರಿಯಾಗಿ ಬೆರೆಯದೆ ಸಾರಿನ ಮೇಲಿನ ಒಗ್ಗರಣೆ ಹಾಗೆ ತೇಲಿತು. ಅಷ್ಟೂ ಕಸಕ್ಕೆ.

ಇವತ್ತು ಬೆಳಿಗ್ಗೆ ಲೈಟ್ ಆರಿಸಿ ಯುವಿ ದೀಪ ಹಿಡಿದೆ. ಏಳರಲ್ಲಿ ಐದು ಸುಮ್ನೆ ಕೂತಿದ್ದವು. ಎರಡರ ಸುತ್ತ ಮಾತ್ರ ಕೆಂಡದಂಥ ಕಿತ್ತಳೆ ಹೊಳಪು. ಅದರಲ್ಲೊಂದು ಮೂರನೇ ನಂಬರಿನದು. ಮೊದಲ ಪ್ಲೇಟಿನಲ್ಲಿ ಎಲ್ಲಕ್ಕಿಂತ ಸಣ್ಣ ಉಂಗುರ ಬಿಟ್ಟದ್ದು ಅದೇ. ಇದ್ಯಾಕೆ ಬೇಕು ಅಂತ ಹೊಡೆದುಹಾಕುವವಳಿದ್ದೆ!

ಮಧ್ಯಾಹ್ನ ಅಮ್ಮನ ಫೋನು. ಗಾಣಕ್ಕೆ ಹಾಕಿಕೊಂಡು ಹೋಗಿದ್ದ ಕುರ್ತಾದ ಎಣ್ಣೆ ಕಲೆ ಹೋಗಿಲ್ಲವಂತೆ. ಬಟ್ಟೆ ಪುಡಿಗೂ ಲಿಪೇಸ್ ಹಾಕುತ್ತಾರೆ ಅಂದೆ. 1988ರಲ್ಲಿ ಡೆನ್ಮಾರ್ಕಿನ ನೋವೋ ಕಂಪನಿ ತಂದ ಲಿಪೋಲೇಸ್ ಅನ್ನೋ ಬಟ್ಟೆ ಪುಡಿಯ ಲಿಪೇಸ್ ಹಾಗೇ ಬಂದದ್ದು: ಒಂದು ಬೂಷ್ಟಿನ ಜೀನ್ ತೆಗೆದು ಇನ್ನೊಂದು ಬೂಷ್ಟಿಗೆ ಹಾಕಿ, ಅದರ ಕೈಲಿ ಜಾಸ್ತಿ ಜಾಸ್ತಿ ಮಾಡಿಸಿದರು.

ಅಮ್ಮ ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ, ನಿನ್ನ ಮೂರನೇ ನಂಬರ್ ಯಾವಾಗ ಒಗೆಯೋಕೆ ಬರತ್ತೆ?" ಅಂದರು.